ಮನೆಯಲ್ಲಿ ಹೋಗಿ ಜೊತೆಯಲ್ಲಿ ಆದದ್ದು

ಸೋಮವಾರ ಬೆಳಗಿನ ಒಂಬತ್ತು ಗಂಟೆಗೆ ಡ್ರೈ ವಿಲೋ ಊರಿನಲ್ಲಿ ಯಾರ ಮನೆಯ ಫೋನು ಬಡಿದುಕೊಂಡರೂ ಅದು ಆರ್ಡಿಸ್ ಬೂಸ್ ಎಂದು ಆ ಮನೆಯ ಬೆಕ್ಕಿಗೂ ಗೊತ್ತು. ನೀರಿನ ಟ್ಯಾಂಕಿನ ಬುಡದಲ್ಲಿ ಅವಳ ಅಪ್ಪ ಕಟ್ಟಿಸಿದ ಬಿಳಿ ಮನೆ. ಆ ಮನೆಯ ಅಡುಗೆಕೋಣೆಯಲ್ಲಿ ಕಾಫಿ ಪಕ್ಕಕ್ಕಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ ಆಕೆ ಕೂತಳೆಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರಿನ ನಾನೂರು ಜನರಲ್ಲಿ ಯಾರು ಎಲ್ಲಿದ್ದಾರೆ, ಯಾರ ಸಂಗಡ ಇದ್ದಾರೆ, ಯಾತಕ್ಕೆ ಹೋಗಿದ್ದಾರೆ ಎಂಬುದೆಲ್ಲ ಹಳದಿ ಕಾಗದದ ಮೇಲೆ ಇಳಿದಿರುತ್ತಿತ್ತು. ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಏನು ನಡೀತಾ ಇದೆ?"

ಊರಿನ ವಾರಪತ್ರಿಕೆ ಡ್ರೈ ವಿಲೋ ಹೆರಾಲ್ಡ್ ಗುರುವಾರ ಬರುತ್ತದೆ. ಅದರ ಮೂರನೇ ಪುಟದಲ್ಲಿ ಆರ್ಡಿಸಳ ಅಂಕಣ. ಎಲ್ವುಡ್ ಮತ್ತು ಜೋನ್ ಕ್ರೂಸ್ ಲಿಂಕನ್ ಪಟ್ಟಣದಲ್ಲಿ ಮಗಳ ಜೊತೆ ರಜೆ ಕಳೆಯುತ್ತಿದ್ದಾರೆ. ಡಾರಿಲ್ ವೆಂಟ್ ಮಂಡಿಯ ಆಪರೇಷನ್ ಮುಗಿಸಿ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾರೆ. ಚರ್ಚಿನ ಹೆಂಗಸರು ನೆಲಮಾಳಿಗೆಯಲ್ಲಿ ಕೌದಿ ಹೊಲಿಯುತ್ತಿದ್ದಾರೆ. ನಲವತ್ತೆಂಟು ವರ್ಷ ಇದೇ ಧಾಟಿ. ಪಟ್ಟಣದಿಂದ ಬಂದ ಸೊಸೆಯಂದಿರು ಓದಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು, ಸೆರಗಿಲ್ಲದ ಸೀಮೆಯಾದ್ದರಿಂದ ಕೈ ಹಿಡಿದು ಎನ್ನಬೇಕು. ಆದರೆ ಅವರ ಹೆಸರು ಬಂದ ವಾರ ಅದೇ ತುಂಡನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದವರೂ ಅವರೇ.

ಈ ಧಾಟಿಯನ್ನು ಆಕೆಗೆ ಕಲಿಸಿದವನು ಹಳೆಯ ಸಂಪಾದಕ ಹಾಲಿಸ್ ಪ್ರ್ಯಾಟ್. ಮಧ್ಯಾಹ್ನದ ಮೇಲೆ ಮೆಕ್ಕೆಜೋಳದ ಗೋದಾಮಿನಲ್ಲಿ ಗುಮಾಸ್ತೆಯಾಗಿದ್ದ ಆರ್ಡಿಸ್ ಬಿಡುವಿನಲ್ಲಿ ಬರೆಯುತ್ತೇನೆಂದು ಹೋದಾಗ ಅವನು ಬಾಯಲ್ಲಿದ್ದ ಪೈಪು ತೆಗೆಯದೆಯೇ ಪಾಠ ಹೇಳಿದ್ದ.

"ನೋಡಮ್ಮ, ಜನ ಪೇಪರ್ ತಗೊಳ್ಳೋದು ಆಗಿಹೋಗಿದ್ದನ್ನ ಓದೋಕಲ್ಲ. ಆಗಿಹೋಗಿದ್ದಕ್ಕೆ ಪಾದ್ರಿ ಇದಾರೆ. ನೀನು ನಡೀತಾ ಇರೋದು ಬರಿ. ಇನ್ನೊಂದು, ಬಾಲ ಇಲ್ದೆ ಮಾತು ಬಿಡ್ಬೇಡ. ಎಲ್ಲಿ, ಯಾರ ಜೊತೆ, ಯಾತಕ್ಕೆ. ಡಾರಿಲ್ ಸುಧಾರಿಸ್ಕೊಳ್ತಾ ಇದಾನೆ ಅಂದ್ರೆ ಏನ್ ಬಂತು? ಎಲ್ಲಿ ಅಂತ ಗೊತ್ತಾದ್ರೆ ತಾನೇ ಯಾರಾದ್ರೂ ಒಂದ್ ಪಾತ್ರೆ ಸೂಪು ತಗೊಂಡು ಹೋಗೋದು?"

ಆರ್ಡಿಸ್ ಈ ಮಾತನ್ನು ವೇದವಾಕ್ಯ ಮಾಡಿಕೊಂಡಳು. 'ಇದ್ದರು', 'ಹೋದರು', 'ಬಂದರು' ಎಂಬ ಶಬ್ದಗಳೇ ಅವಳ ಅಂಕಣದಲ್ಲಿ ಇಲ್ಲ. ಒಮ್ಮೆ ಹ್ಯಾಟಿ ಯೋಸ್ಟ್ ಆಸ್ಪತ್ರೆಯಲ್ಲಿ ಹುಷಾರಾಗುತ್ತಿದ್ದಾರೆ ಎಂದು ಅಚ್ಚಾದ ಗುರುವಾರವೇ ಹ್ಯಾಟಿಯ ಮಣ್ಣು ನಡೆಯಿತು. "ಪರವಾಗಿಲ್ಲ ಬಿಡು, ಡಾಕ್ಟರ್ ಕೈಲಿ ಆಗ್ದೇ ಇದ್ದಿದ್ದು ನಿನ್ನ ಕೈಲಾಯ್ತು, ಎರಡು ದಿನ ಜಾಸ್ತಿ ಬದುಕ್ಸಿದೆ" ಎಂದು ಗಂಡ ಹಾರ್ಲನ್ ಯೋಸ್ಟನೇ ಹೇಳಿದ. ಮದುವೆ, ಮಕ್ಕಳು ಎಂದು ಏನೂ ಆಗದ ಹೆಂಗಸಿಗೆ ಊರೇ ಸಂಸಾರವಾಗಿತ್ತು. ಜನ ಅವಳನ್ನು ನಂಬುತ್ತಿದ್ದರು, ಮತ್ತು ಆ ನಂಬಿಕೆಯೇ ಈ ಕಥೆಯಲ್ಲಿ ಅವಳ ಗಂಟಲ ಮುಳ್ಳು.

ಈ ವರ್ಷದ ಏಪ್ರಿಲ್ ಮೊದಲ ಸೋಮವಾರ ಅವಳು ಯಾರಿಗೂ ಫೋನು ಮಾಡುವ ಮುಂಚೆ ಅವಳಿಗೇ ಫೋನು ಬಂತು. ಮಾತಾಡಿದವಳು ಊರಾಚೆ ತೋಟದ ಮನೆಯಲ್ಲಿರುವ ಕೇರನ್ ಹೋಲ್ಟ್, ಲವೋನ್ ಪೀಟರ್ಸನ್ನಳ ತಂಗಿಯ ಮಗಳು.

"ಆರ್ಡಿಸ್ ಅವ್ರೇ, ಒಂದ್ ಸುದ್ದಿ ಇದೆ, ಬರ್ಕೊಳ್ಳಿ. ಲವೋನ್ ದೊಡ್ಡಮ್ಮನ್ನ ಇಲ್ಲಿಗೇ ಕರ್ಕೊಂಡು ಬಂದ್ವಿ. ಬಿದ್ದು ಸೊಂಟ ಮುರ್ಕೊಂಡ್ರಲ್ಲ, ಒಬ್ರೇ ಇರೋ ಹಾಗಿಲ್ಲ. ನಮ್ಮೂರಿನ ವೃದ್ಧರ ಮನೇಲಿ ಜಾಗ ಸಿಕ್ತು. ಹನ್ನೆರಡನೇ ಕೋಣೆ. ನೀವಿಬ್ರೂ ಒಂದೇ ಬೆಂಚಿನವ್ರಂತೆ? ಖುಷಿ ಆಯ್ತಲ್ಲ?"

"ಆಯ್ತಮ್ಮ" ಎಂದಳು ಆರ್ಡಿಸ್. ಪೆನ್ನು ಹಿಡಿದ ಕೈ ಮಾತ್ರ ಕಾಗದದ ಮೇಲೆ ಒಂದು ಚುಕ್ಕಿ ಇಟ್ಟು ಅಲ್ಲೇ ನಿಂತಿತು. ಆ ದಿನ ಅವಳು ಯಾರಿಗೂ ಫೋನು ಮಾಡಲಿಲ್ಲ. ಹತ್ತೂವರೆಯಾದರೂ ಫೋನು ಬರಲಿಲ್ಲವೆಂದು ಗಾಬರಿಯಾದ ಜೋನ್ ಕ್ರೂಸ್ ಬಾಗಿಲು ತಟ್ಟಿ, ಇವಳು ಬದುಕಿದ್ದಾಳೆಂದು ಕಣ್ಣಾರೆ ಕಂಡುಕೊಂಡು ಹೋದಳು.

ನಲವತ್ತನಾಲ್ಕು ವರ್ಷದ ಹಿಂದಿನ ಮಾತು. ಹೆಸರಿನಲ್ಲೇ ಒಣಗಿದ ಊರಿಗೆ ಆ ವಸಂತದಲ್ಲಿ ನೆರೆ ಬಂತು. ಹಿಮ ಒಮ್ಮೆಲೇ ಕರಗಿ ಹಳ್ಳ ಉಕ್ಕಿ ಕೆಳಗಿನ ಬೀದಿಯ ಮನೆಗಳಿಗೆಲ್ಲ ನೀರು ನುಗ್ಗಿತು. ಲವೋನಳ ಮನೆಯೂ ಆ ಬೀದಿಯಲ್ಲೇ ಇತ್ತು. ಮೂವತ್ತಾರರ ವಿಧವೆ, ಊರ ಶಾಲೆಯಲ್ಲಿ ಮೂರನೇ ತರಗತಿಗೆ ಟೀಚರು, ಆರ್ಡಿಸಳಿಗೆ ಲಂಗ ತೊಡುವ ಕಾಲದಿಂದಲೂ ಜೀವದ ಗೆಳತಿ. ಮನೆ ಒಣಗಿ ವಾಸಕ್ಕೆ ಬರಲು ಎರಡು ತಿಂಗಳು ಬೇಕಿತ್ತು.

ಲವೋನ್ ತನ್ನ ಮನೆಗೇ ಬರುತ್ತಾಳೆ ಎಂಬುದರಲ್ಲಿ ಆರ್ಡಿಸಳಿಗೆ ಅನುಮಾನವೇ ಇರಲಿಲ್ಲ. ಕೇಳುವ ಮಾತೇನು ಬಂತು? ಹಿಂದಿನ ಕೋಣೆ ಗುಡಿಸಿ, ಹೊಸ ಹಾಸಿಗೆ ಬಟ್ಟೆ ಹಾಸಿ, ಕಿಟಕಿಗೆ ಹಳದಿ ಪರದೆ ಹೊಲಿದು ಕಟ್ಟಿದಳು. ಲವೋನಳಿಗೆ ಹಳದಿ ಎಂದರೆ ಆಸೆ. ಅಪ್ಪ ಅಮ್ಮ ಹೋದ ಮೇಲೆ ಸದ್ದಿಲ್ಲದೆ ಬಿದ್ದಿದ್ದ ಮನೆಯಲ್ಲಿ ಎರಡು ತಟ್ಟೆ ಇಡುವ ಸುಖವನ್ನು ನೆನೆದು ನೆನೆದು ಅವಳು ಮೂರು ದಿನ ಒಬ್ಬಳೇ ಹಾಡಿಕೊಂಡು ಓಡಾಡಿದಳು.

ಲವೋನ್ ಬಂದಳು, ಕಾಫಿ ಕುಡಿದಳು, ಪರದೆ ನೋಡಲೇ ಇಲ್ಲ. "ಲುಂಡ್ ಅವ್ರ ಮನೇಲಿ ಇರ್ತೀನಿ ಕಣೇ. ಶಾಲೆಗೆ ಹತ್ರ. ಮುದುಕಿ ಹುಲ್ಡಾಗೆ ಕಣ್ಣು ಕಾಣಲ್ಲ, ಓದಿ ಹೇಳೋರು ಬೇಕಂತೆ. ನಿಂಗೂ ತೊಂದ್ರೆ ತಪ್ಪುತ್ತೆ" ಎಂದಳು.

ಹುಲ್ಡಾ ಲುಂಡ್ ಮುದುಕಿಯ ಜೊತೆ ಮಗ ಓರ್ವಿಲನೂ ಅದೇ ಮನೆಯಲ್ಲಿದ್ದ. ನಲವತ್ತರ ಬ್ರಹ್ಮಚಾರಿ, ಮಾತು ಕಡಿಮೆ, ಹೊಲವೇ ಲೋಕ. ಚರ್ಚಿನ ಕಾಫಿಯ ಹೊತ್ತಿನಲ್ಲಿ ಅವನು ಲವೋನಳ ಕಡೆ ನೋಡುವ ನೋಟವನ್ನು ಆರ್ಡಿಸ್ ನೋಡಿದ್ದಳು. ಊರಿನ ಸುದ್ದಿ ಹೆಕ್ಕುವವಳ ಕಣ್ಣಿಗೆ ಅದು ತಪ್ಪುತ್ತದೆಯೇ? ಅವನ ಮೇಲೆ ಅವಳಿಗೇನೂ ಆಸೆಯಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಅವಳ ಹೊಟ್ಟೆ ಉರಿದದ್ದು ಓರ್ವಿಲನಿಗಾಗಿ ಅಲ್ಲ, ಖಾಲಿ ಉಳಿದ ಎರಡನೇ ತಟ್ಟೆಗಾಗಿ.

ಮಂಗಳವಾರ ಬೆಳಿಗ್ಗೆ ಟೈಪ್‌ರೈಟರಿನ ಮುಂದೆ ಕೂತು ಅವಳು ಬಡಿದ ಸಾಲು ಇದು: ನೆರೆ ಇಳಿದು ಮನೆ ಒಣಗುವ ತನಕ ಲವೋನ್ ಪೀಟರ್ಸನ್ ಹುಲ್ಡಾ ಲುಂಡ್ ಅವರ ಮನೆಯಲ್ಲಿ ದಿನ ಕಳೆಯುತ್ತಿದ್ದಾರೆ. ಸರಿಯಾದ ಸಾಲು. ಅದನ್ನೇ ಎರಡು ನಿಮಿಷ ನೋಡುತ್ತ ಕೂತಳು. ಪಕ್ಕದ ಕೋಣೆಯ ಹಳದಿ ಪರದೆ ಗಾಳಿಗೆ ಹಾರಾಡುತ್ತಿತ್ತು. ಆಮೇಲೆ 'ಹುಲ್ಡಾ ಲುಂಡ್ ಅವರ ಮನೆಯಲ್ಲಿ' ಎಂಬುದರ ಮೇಲೆ ಸಾಲಾಗಿ ಅಡ್ಡಗುರುತು ಬಡಿದು ಹೊಡೆದುಹಾಕಿ, ಅದರ ಮೇಲಿನ ಖಾಲಿ ಜಾಗದಲ್ಲಿ 'ಓರ್ವಿಲ್ ಲುಂಡ್ ಜೊತೆಯಲ್ಲಿ' ಎಂದು ಬಡಿದಳು.

ಅಷ್ಟೇ. ಸುಳ್ಳೆಂದು ಹೇಳಲು ಯಾರಿಗೂ ಆಗದು, ಒಂದೇ ಸೂರಿನ ಕೆಳಗೆ ಇದ್ದರಲ್ಲ. ಅಕ್ಕನ ಜೊತೆಯಲ್ಲಿ, ಮಗಳ ಜೊತೆಯಲ್ಲಿ ಎಂದು ವಾರಕ್ಕೆ ಹತ್ತು ಸಲ ಬರೆಯುವ ಮಾತೇ ಅದು. ಆದರೆ ವಿಧವೆಯೊಬ್ಬಳ ಹೆಸರಿರುವ ಸಾಲಿನಲ್ಲಿ ಗಂಡಸೊಬ್ಬನ ಹೆಸರಿನ ಪಕ್ಕ ಕೂತಾಗ ಆ ಪುಟ್ಟ ಮಾತು ಏನು ಹೇಳುತ್ತದೆ ಎಂದು ಅದನ್ನೇ ಕಸುಬು ಮಾಡಿಕೊಂಡವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಗುರುವಾರ ಬೆಳಗ್ಗೆ ಊರಿನ ಕೆಫೆಯಲ್ಲಿ ಗಂಡಸರ ದುಂಡು ಮೇಜಿನ ಮೇಲೆ ಪತ್ರಿಕೆ ಬಿತ್ತು. ಓರ್ವಿಲ್ ಒಳಗೆ ಬಂದು ಟೋಪಿ ತೆಗೆಯುವುದಕ್ಕೇ ಕಾಯುತ್ತಿದ್ದರು.

"ಬಾರಯ್ಯ ಓರ್ವಿಲ್! ಏನು ನಡೀತಾ ಇದೆ?"

"ಒಂಟಿಯಾಗಿ ನಡೀತಿಲ್ಲಪ್ಪ, ಜೊತೆಜೊತೇಲೇ ನಡೀತಾ ಇದೆ!"

"ನೆರೆ ಕೆಳಗಿನ ಬೀದೀಲೇ ನಿಂತ್ಕೊಳ್ತು ಅಂದ್ಕೊಂಡಿದ್ವಿ, ಲುಂಡ್ ಮನೆ ಮಹಡೀವರೆಗೂ ಹತ್ತಿದೆಯಲ್ಲಪ್ಪ!"

ಓರ್ವಿಲ್ ಕಾಫಿ ಕುಡಿಯದೆ ಹಿಂದಿರುಗಿದ. ಗಂಡಸರದು ಬಾಯಿಚಪಲ, ನಗುವುದರೊಂದಿಗೆ ಮುಗಿಯುತ್ತಿತ್ತೇನೋ. ಹೆಂಗಸರು ನಗಲಿಲ್ಲ. ಭಾನುವಾರ ಚರ್ಚಿನಲ್ಲಿ ಲವೋನ್ ಕೂತ ಬೆಂಚು ಪೂರ್ತಿ ಖಾಲಿಯಿತ್ತು. ಮುಂದಿನ ವಾರ ಆರ್ಡಿಸ್ ತಿದ್ದುಪಡಿ ಹಾಕಿದಳು: ಲವೋನ್ ಪೀಟರ್ಸನ್ ಹುಲ್ಡಾ ಲುಂಡ್ ಅವರ ಮನೆಯಲ್ಲಿ ದಿನ ಕಳೆಯುತ್ತಿದ್ದಾರೆ, ಕಳೆದ ವಾರದ್ದು ಕೈತಪ್ಪು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮೊದಲ ವಾರ ಓದದೆ ಬಿಟ್ಟವರೂ ಎರಡನೆಯ ವಾರ ಹಳೆಯ ಪತ್ರಿಕೆ ಹುಡುಕಿ ಓದಿದರು. ಮೇ ತಿಂಗಳಲ್ಲಿ ಶಾಲಾ ಮಂಡಳಿ, ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ಬರುವ ವರ್ಷಕ್ಕೆ ನೀವು ಬೇಡ ಎಂದು ಲವೋನಳಿಗೆ ಕಾಗದ ಕೊಟ್ಟಿತು. ಜೂನ್‌ನಲ್ಲಿ ಅವಳು ಎರಡು ಪೆಟ್ಟಿಗೆ ಹೊತ್ತುಕೊಂಡು ಗ್ರ್ಯಾಂಡ್ ಐಲೆಂಡ್ ಪಟ್ಟಣಕ್ಕೆ ಹೋಗಿ ಅಲ್ಲಿನ ಶಾಲೆ ಸೇರಿದಳು.

ಹೊರಡುವ ದಿನ ಆರ್ಡಿಸಳ ಬಾಗಿಲಿಗೆ ಬಂದು, "ಟೈಪ್‌ರೈಟರ್ ಮಾಡಿದ ಕೆಲ್ಸಕ್ಕೆ ನೀನೇನು ಮಾಡ್ತೀಯಾ, ಅಲ್ವಾ?" ಎಂದಳು. ಎಂದು, ಸ್ವಲ್ಪ ಹೊತ್ತು ಅಲ್ಲೇ ನಿಂತಳು. "ಹೂಂ ಕಣೇ, ಕೈ ತಪ್ತು" ಎಂದಳು ಆರ್ಡಿಸ್. ಲವೋನ್ ತಲೆಯಾಡಿಸಿ ಕಾರು ಹತ್ತಿದಳು.

ಆಮೇಲೆ ಪ್ರತಿ ಕ್ರಿಸ್ಮಸ್ಸಿಗೂ ಕಾರ್ಡು ಬರುತ್ತಿತ್ತು. ಎರಡೇ ಸಾಲು. ಆರ್ಡಿಸ್ ಅದನ್ನು ಅಂಕಣಕ್ಕೆ ಇಳಿಸುತ್ತಿದ್ದಳು: ಲವೋನ್ ಪೀಟರ್ಸನ್ ಗ್ರ್ಯಾಂಡ್ ಐಲೆಂಡ್‌ನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಾರೆ. ಊರು, ಎರಡಕ್ಷರದ ಕೈತಪ್ಪಿಗೆ ಆರ್ಡಿಸ್ ಎಷ್ಟು ನೊಂದುಕೊಂಡಳಪ್ಪ ಎಂದು ಮರುಗಿ, ಕೊನೆಗೆ ಮರೆಯಿತು. ಮರೆಯದವಳು ಅವಳೊಬ್ಬಳೇ. ಎಷ್ಟು ಸಲ ಕಾಗದ ಬರೆಯಲು ಕೂತಳೋ ಲೆಕ್ಕವಿಲ್ಲ. 'ಪ್ರೀತಿಯ ಲವೋನ್, ನಾನು ಒಂದು ವಿಷಯ ಹೇಳಬೇಕು ಎಂದು ಯೋಚಿಸುತ್ತಿದ್ದೇನೆ' ಎಂಬಲ್ಲಿಗೆ ನಿಂತುಬಿಡುತ್ತಿತ್ತು. ಯೋಚಿಸುತ್ತಿದ್ದೇನೆ, ಯೋಚಿಸುತ್ತಿದ್ದೇನೆ ಎಂದುಕೊಂಡೇ ಕೂದಲು ಬೆಳ್ಳಗಾಯಿತು.

ಓರ್ವಿಲ್ ಮದುವೆಯಾಗಲಿಲ್ಲ. ಹುಲ್ಡಾ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಒಬ್ಬನೇ ಇದ್ದ. ಸೋಮವಾರ ಅವನ ನಂಬರು ತಿರುಗಿಸುವಾಗ ಮಾತ್ರ ಆರ್ಡಿಸಳ ಬೆರಳು ಒಂದು ಗಳಿಗೆ ತಡೆಯುತ್ತಿತ್ತು.

"ಏನು ನಡೀತಾ ಇದೆ ಓರ್ವಿಲ್?"

"ಏನಿಲ್ಲಮ್ಮ. ಮಳೆಗೆ ಕಾಯ್ತಾ ಇದೀನಿ."

ಒಂದು ವಾರ ಮಳೆಗೆ, ಇನ್ನೊಂದು ವಾರ ಜೋಳ ಒಣಗುವುದಕ್ಕೆ, ಅಕ್ಟೋಬರಿನಲ್ಲಿ ತಪ್ಪದೆ ಒಂದು ವಾರ, "ಯಂತ್ರದ ಬಿಡಿಭಾಗಕ್ಕೆ ಗ್ರ್ಯಾಂಡ್ ಐಲೆಂಡ್ ಕಡೆ ಹೋಗಿದ್ದೆ". ಸದಾ ಯಾವುದಕ್ಕಾದರೂ ಕಾಯುತ್ತಿದ್ದ. ಊರೆಲ್ಲ ಅದನ್ನೊಂದು ತಮಾಷೆ ಮಾಡಿಕೊಂಡಿತ್ತು. ಓರ್ವಿಲ್ ಲುಂಡ್ ಮಳೆಗಾಗಿ ಕಾಯುತ್ತಿದ್ದಾರೆ ಎಂದು ಅಚ್ಚಾಗದ ವಾರ, ಏನಪ್ಪ ಮಳೆ ಬಂದುಬಿಟ್ಟಿತೇ ಎಂದು ಕೇಳುತ್ತಿದ್ದರು.

ಈ ವರ್ಷದ ಜನವರಿಯಲ್ಲಿ ಒಂದು ಸೋಮವಾರ ಅವನ ದನಿ ತೆಳ್ಳಗಿತ್ತು. "ಕಾಯ್ತಾ ಇದೀನಿ" ಎಂದ. ಆರ್ಡಿಸ್ ಪೆನ್ನು ಹಿಡಿದು ಬಾಲಕ್ಕಾಗಿ ಕಾದಳು. ಬಾಲ ಬರಲಿಲ್ಲ. "ಅಷ್ಟೇ ಕಣಮ್ಮ. ಕಾಯ್ತಾ ಇದೀನಿ" ಎಂದ ಅವನು. ಯಾವುದಕ್ಕೆ ಎಂದು ಕೇಳುವುದೇ ಅವಳ ಕಸುಬು, ಯಾರನ್ನು ಕೇಳದೆ ಬಿಟ್ಟಿದ್ದಳು? ಅವತ್ತು ಕೇಳಲಿಲ್ಲ. ಬರುವ ಉತ್ತರ ಲವೋನ್ ಎಂದೇ ಇರುತ್ತದೆ ಎಂದು ಹೆದರಿದಳು. ಫೆಬ್ರವರಿ ಮೂರನೇ ವಾರ ಓರ್ವಿಲ್ ನಿದ್ದೆಯಲ್ಲೇ ಹೋದ.

ಈಗ ಲವೋನ್ ಬಂದು ಹನ್ನೆರಡನೇ ಕೋಣೆಯಲ್ಲಿದ್ದಾಳೆ. ಅವಳು ಬಂದಿರುವ ಸುದ್ದಿಯನ್ನು ಬರೆಯಲೇಬೇಕು. ಇನ್ನೊಂದು ಸಲ ಅವಳ ಹೆಸರನ್ನು ಹಳೆಯ ಸುಳ್ಳಿನ ಮೇಲೆಯೇ ಕೂರಿಸಿ ಅಚ್ಚು ಹಾಕುವುದು ತನ್ನಿಂದ ಆಗದು ಎಂದು ಆರ್ಡಿಸಳಿಗೆ ಅನ್ನಿಸಿತು. ಇಬ್ಬರಿಗೂ ಎಂಬತ್ತು. ಇನ್ನೊಂದು ವಸಂತ ಯಾರಿಗಿದೆಯೋ. ಅವಳೆದುರು ಬಾಯಿಬಿಟ್ಟು ಹೇಳುವುದು, ಇಲ್ಲವೆಂದರೆ ಗುಂಡಿಯವರೆಗೂ ಹೊತ್ತುಕೊಂಡು ಹೋಗುವುದು.

ಆ ಮಧ್ಯಾಹ್ನವೇ ಹಿತ್ತಲಿನ ರುಬಾರ್ಬ್ ಎಂಬ ಹುಳಿ ದಂಟು ಕಿತ್ತು, ಸಕ್ಕರೆ ಹಾಕಿ, ಲವೋನಳಿಗೆ ಇಷ್ಟವಾದ ಹುಳಿಸಿಹಿ ಕೇಕು ಬೇಯಿಸಿ, ಚೌಕ ಚೌಕ ಕತ್ತರಿಸಿ ತಗಡಿನ ಡಬ್ಬಿಗೆ ತುಂಬಿಕೊಂಡು ಹೊರಟಳು. ಈ ಊರಲ್ಲಿ ಸಾವಿರಲಿ, ಜಗಳವಿರಲಿ, ಕೈಯಲ್ಲಿ ಡಬ್ಬಿಯಿಲ್ಲದೆ ಯಾರೂ ಬಾಗಿಲು ತಟ್ಟುವುದಿಲ್ಲ.

ಲವೋನ್ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಸಣ್ಣಗಾಗಿದ್ದಳು. ಕಣ್ಣು ಮಾತ್ರ ಅದೇ ಟೀಚರ ಕಣ್ಣು.

"ಬಾರೇ. ಏನು ನಡೀತಾ ಇದೆ ಅಂತ ಕೇಳೋಕೆ ಬಂದ್ಯಾ?"

"ಇಲ್ಲ ಕಣೇ" ಎಂದಳು ಆರ್ಡಿಸ್. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. "ಅವತ್ತು ಕೈ ತಪ್ಪಿರ್ಲಿಲ್ಲ. ನಾನು ಬೇಕಂತಾನೇ ಬರ್ದಿದ್ದು. ಮೊದ್ಲು ಸರಿಯಾಗೇ ಬರ್ದಿದ್ದೆ. ಹೊಡೆದು ಹಾಕಿ ಬರ್ದೆ. ನೀನು ನಮ್ಮನೆಗೆ ಬರ್ಲಿಲ್ಲ ಅಂತ."

ಹೊರಗೆ ಹುಲ್ಲು ಕತ್ತರಿಸುವ ಯಂತ್ರ ಗುರುಗುಟ್ಟುತ್ತಿತ್ತು. ಲವೋನ್ ಕಿಟಕಿ ಎಳೆದು ಮುಚ್ಚಿದಳು.

"ಗೊತ್ತು."

"ಏನ್ ಗೊತ್ತು?"

"ಹೊಡೆದು ಹಾಕಿದ್ದು. ಹಾಲಿಸ್ ಹೆಂಡ್ತಿ ಮ್ಯಾಕ್ಸೀನ್ ಅಚ್ಚು ಜೋಡಿಸ್ತಿದ್ಲಲ್ಲ, ಆ ಶುಕ್ರವಾರಾನೇ ನೀನು ಬರ್ದ ಹಾಳೆ ತಂದು ನನ್ನ ಕೈಗಿಟ್ಲು. ಅಡ್ಡಗುರುತಿನ ಕೆಳಗೆ ಎಲ್ಲಾ ಓದೋಕಾಗ್ತಿತ್ತು. ಮೂರನೇ ತರಗತಿ ಮಕ್ಕಳು ಹೊಡೆದು ಹಾಕಿದ್ದನ್ನೆಲ್ಲ ಓದಿದೋಳು ನಾನು. ಮೂರು ವರ್ಷ ಇಟ್ಕೊಂಡಿದ್ದೆ, ಆಮೇಲೆ ಒಲೆಗೆ ಹಾಕ್ದೆ. ಇಟ್ಕೊಂಡಿದ್ರೆ ದಿನಾ ಓದ್ತಿದ್ದೆ."

ಆರ್ಡಿಸ್ ಮುಂದಕ್ಕೆ ಬಾಗಿದಳು. "ಮತ್ತೆ ಹೊರಡೋ ದಿನ ಬಾಗ್ಲಿಗೆ ಬಂದು, ಟೈಪ್‌ರೈಟರ್ ಅಂತ..."

"ಕೇಳ್ದೆ. ಉತ್ತರ ಕೊಡು ಅಂತಾನೇ ಕೇಳ್ದೆ. ನೀನು ಕೈ ತಪ್ತು ಅಂದೆ."

"ಕಾರ್ಡು ಯಾಕೆ ಕಳಿಸ್ತಿದ್ದೆ ಮತ್ತೆ, ವರ್ಷಾ ವರ್ಷಾ?"

"ಮರೀಬೇಡ ಅಂತ." ಲವೋನ್ ಸಣ್ಣಗೆ ನಕ್ಕಳು. "ವಿಳಾಸ ಇರ್ಲಿ ಅಂತ. ಯಾವತ್ತಾದ್ರೂ ಬರೀತೀಯೇನೋ ಅಂತ."

ಆರ್ಡಿಸ್ ಅಳಬಾರದೆಂದುಕೊಂಡಿದ್ದಳು, ಆದರೂ ಕಣ್ಣು ತುಂಬಿತು. ಓರ್ವಿಲನ ಮಾತು ಹೇಳದೆ ಇರಲಾಗಲಿಲ್ಲ. "ಪಾಪ, ಅವನಿಗಂತೂ ನಾನು ಹೇಳ್ಲೇ ಇಲ್ಲ. ಕೊನೇ ತಿಂಗಳು ಕಾಯ್ತಾ ಇದೀನಿ ಅಂದ. ಯಾವುದಕ್ಕೆ ಅಂತ ಕೇಳೋಕೂ ಧೈರ್ಯ ಬರ್ಲಿಲ್ಲ. ನಿನಗೇ ಕಾಯ್ತಿದ್ದ ಅಂತ ನಂಗೊತ್ತಿತ್ತು."

"ನನಗೆ ಯಾಕೆ ಕಾಯ್ತಾನೆ? ನನ್ನನ್ನ ವರ್ಷಕ್ಕೊಂದ್ಸಲ ನೋಡ್ತಿದ್ದ. ಅಕ್ಟೋಬರಲ್ಲಿ ಕಾರು ತೊಳ್ಕೊಂಡು ಬರ್ತಿದ್ದ, ನಾನು ಸೇಬಿನ ಕಡುಬು ಮಾಡ್ತಿದ್ದೆ, ತಿಂದು ಹೋಗ್ತಿದ್ದ."

ಬಿಡಿಭಾಗ. ನಲವತ್ತನಾಲ್ಕು ಅಕ್ಟೋಬರು ಅದನ್ನೇ ಬರೆದುಕೊಂಡಿದ್ದಾಳೆ ಆರ್ಡಿಸ್: ಓರ್ವಿಲ್ ಲುಂಡ್ ಯಂತ್ರದ ಬಿಡಿಭಾಗಕ್ಕಾಗಿ ಅಲೆಯುತ್ತಿದ್ದಾರೆ.

"ಮೊದಲ್ನೇ ವರ್ಷಾನೇ ಮದುವೆ ಆಗು ಅಂತ ಕೇಳ್ದ" ಎಂದಳು ಲವೋನ್. "ಆಗಲ್ಲ ಅಂದೆ. ಆಸೆ ಇಲ್ದೆ ಅಲ್ಲ. ನಾನು ಅವನ್ನ ಕಟ್ಕೊಂಡು ಆ ಮನೆ ಹೊಕ್ಕಿದ್ರೆ, ನೋಡಿದ್ರಾ, ಪೇಪರಲ್ಲಿ ಬಂದಿದ್ದು ಸುಳ್ಳಲ್ಲ ಅಂತ ಊರೆಲ್ಲ ತಲೆ ಆಡಿಸ್ತಿತ್ತು. ನೀನು ಬರ್ದ ಸಾಲನ್ನ ನಿಜ ಮಾಡೋಕೆ ನಾನು ಬರ್ಬೇಕಿತ್ತಾ? ಆರ್ಡಿಸ್ ಬಾಯ್ಬಿಟ್ಟು ಹೇಳ್ಲಿ, ಬೇಕಂತ ಬರ್ದೆ ಅಂತ ಅಚ್ಚು ಹಾಕ್ಲಿ, ಮಾರನೇ ದಿನಾನೇ ಬರ್ತೀನಿ ಅಂದೆ. ನೀನಾಗಿ ಅವಳನ್ನ ಕೇಳಿ ಹೇಳ್ಸಿದ್ರೆ ಅದು ಲೆಕ್ಕಕ್ಕಿಲ್ಲ ಅಂತಾನೂ ಅವನಿಗೆ ಅಂದೆ. ಅವನು ಮಾತು ಕೊಟ್ಟ. ಕೊಟ್ಟ ಮಾತಿಗೆ ತಪ್ಪೋನಲ್ಲವಲ್ಲ ಅವನು, ಹಾಳಾದೋನು."

"ಹಾಗಾದ್ರೆ ಅವನು..." ಎಂದಳು ಆರ್ಡಿಸ್.

"ಅವನು ಕಾಯ್ತಿದ್ದದ್ದು ನಿನಗೆ ಕಣೇ, ಆರ್ಡಿಸ್" ಎಂದಳು ಲವೋನ್. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಸೋಮವಾರ ಫೋನು ಬಂದಾಗಲೆಲ್ಲ ಇವತ್ತು ಹೇಳ್ತಾಳೆ ಅಂದ್ಕೊಂಡೇ ಎತ್ತುತ್ತಿದ್ದನಂತೆ. ನೀನು, ಏನು ನಡೀತಾ ಇದೆ ಅಂತ ಕೇಳ್ತಿದ್ದೆ. ಅವನು ಮಳೆಗೆ ಅಂತಿದ್ದ."

ಮುಚ್ಚಿದ ಡಬ್ಬಿ ತೊಡೆಯ ಮೇಲೆ ಹಾಗೇ ಇತ್ತು. ನಲವತ್ತನಾಲ್ಕು ವರ್ಷದ ಸೋಮವಾರಗಳು, ವರ್ಷಕ್ಕೆ ಐವತ್ತೆರಡು. ಅಷ್ಟು ಸಲ ತಾನಾಗಿಯೇ ಅವನ ನಂಬರು ತಿರುಗಿಸಿದ್ದಾಳೆ. ಅಷ್ಟು ಸಲ ಆ ಕಡೆಯವನು ಉಸಿರು ಹಿಡಿದು ಕೇಳಿದ್ದಾನೆ. ಒಂದೇ ಒಂದು ಮಾತು ಸಾಕಿತ್ತು. ಕೆಟ್ಟವಳಾದೇನೆಂದು ಹೆದರಿ ಅದನ್ನು ನುಂಗಿದವಳಿಗೆ ಈಗ ಯಾರ ಕಣ್ಣಲ್ಲಿ ಒಳ್ಳೆಯವಳಾಗಿ ಏನಾಗಬೇಕಿದೆ? ಅವಳು ಮುಖ ಮುಚ್ಚಿಕೊಂಡು ಅತ್ತಳು. ಲವೋನ್ ಸಮಾಧಾನ ಹೇಳಲಿಲ್ಲ, ಅಳಬೇಡ ಎಂದೂ ಹೇಳಲಿಲ್ಲ. ಕೈ ಚಾಚಿ ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿದಳು.

"ನನ್ನದೂ ಕಮ್ಮಿ ಏನಲ್ಲ ಬಿಡು" ಎಂದಳು, ಒಂದು ಚೂರು ಬಾಯಿಗೆ ಹಾಕಿಕೊಂಡು. "ಮೊದಲ ಹತ್ತು ವರ್ಷ ಹಠ. ಆಮೇಲೆ ಹಠ ಅನ್ನೋದೂ ಮರ್ತು ಅಭ್ಯಾಸ ಆಗೋಯ್ತು. ಯಾವಳೋ ಒಬ್ಳು ಬರ್ದಿದ್ದಕ್ಕೆ ನಾನು ನನ್ನ ಬದುಕನ್ನೇ ಉತ್ತರವಾಗಿ ಕೊಟ್ಟೆ. ಫೆಬ್ರವರೀಲಿ ಕೇರನ್ ಫೋನ್ ಮಾಡಿ ಅವನು ಹೋದ ಅಂದ್ಲು. ಅವತ್ತೇ ಗೊತ್ತಾಯ್ತು ಅದೆಂಥ ದಡ್ಡ ಕೆಲ್ಸ ಅಂತ. ಸಕ್ಕರೆ ಜಾಸ್ತಿ ಹಾಕಿದೀಯ ಕಣೇ."

ಮಂಗಳವಾರ ಬೆಳಿಗ್ಗೆ ಆರ್ಡಿಸ್ ಅಂಕಣ ಬರೆದಳು. ಬೇರೆ ಸುದ್ದಿ ಇರಲಿಲ್ಲ, ಯಾರಿಗೂ ಫೋನು ಮಾಡಿರಲಿಲ್ಲವಲ್ಲ. ಲವೋನ್ ಪೀಟರ್ಸನ್ ನಮ್ಮೂರ ವೃದ್ಧರ ಮನೆಯಲ್ಲಿ, ಹನ್ನೆರಡನೇ ಕೋಣೆಯಲ್ಲಿ ವಾಸಿಸುತ್ತಿದ್ದಾರೆ. ಅಲ್ಲಿಗೆ ನಿಲ್ಲಿಸದೆ, ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಆಗಿಹೋದ ಕಾಲಕ್ಕೆ ಇಳಿದಳು. 1979ರ ನೆರೆಯಲ್ಲಿ ಅವರು ಹುಲ್ಡಾ ಲುಂಡ್ ಅವರ ಮನೆಯಲ್ಲಿ ದಿನ ಕಳೆದರು. ಓರ್ವಿಲ್ ಲುಂಡ್ ಜೊತೆಯಲ್ಲಿ ಎಂದು ನಾನು ಬರೆದೆ. ಅದು ಕೈತಪ್ಪಲ್ಲ. ಹೊಟ್ಟೆಕಿಚ್ಚಿನಿಂದ ಬೇಕೆಂದೇ ಬರೆದೆ. ಅವರಿಬ್ಬರ ಬದುಕು ಕೆಡಿಸಿದೆ.

ಬುಧವಾರ ಸಂಪಾದಕಿ ಫೋನು ಮಾಡಿದಳು. ಹಾಲಿಸ್ ಹೋಗಿ ಯಾವ ಕಾಲವಾಯಿತು, ಈಗಿನವಳು ಜಿಲ್ಲಾ ಪಟ್ಟಣದಲ್ಲಿ ಕೂತು ನಾಲ್ಕೂರಿನ ಪತ್ರಿಕೆ ಒಟ್ಟಿಗೆ ಮಾಡುವ ಚಿಕ್ಕ ವಯಸ್ಸಿನವಳು.

"ಆರ್ಡಿಸ್ ಅವ್ರೇ, ಈ ಕೊನೇ ನಾಲ್ಕೈದು ಸಾಲು ಯಾರಿಗೆ ಅರ್ಥ ಆಗುತ್ತೆ? ತುಂಬಾ ಹಳೇದಲ್ವಾ? ತೆಗೆದುಬಿಡ್ಲಾ?"

"ತೆಗೀಬೇಡಮ್ಮ. ಒಂದಕ್ಷರಾನೂ ಮುಟ್ಬೇಡ."

ಗುರುವಾರ ಬೆಳಗ್ಗೆ ಅವಳು ಒಳ್ಳೆಯ ಕೋಟು ಹಾಕಿಕೊಂಡು ಕೆಫೆಗೆ ಹೋದಳು. ಬೈಯುವವರು ಬೈಯಲಿ, ಎದ್ದು ಹೋಗುವವರು ಹೋಗಲಿ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ದುಂಡು ಮೇಜಿನ ಎದುರೇ ಕೂತಳು. ಅಲ್ಲಿದ್ದವರು ಅಂದು ನಕ್ಕವರ ಮಕ್ಕಳು, ಮೊಮ್ಮಕ್ಕಳು. ಬಿತ್ತನೆಯ ಮಾತು, ಗೊಬ್ಬರದ ಮಾತು ನಡೆದಿತ್ತು. ಕ್ರೂಸ್ ಮನೆಯ ಮೊಮ್ಮಗ ಪತ್ರಿಕೆ ಮಡಿಸುತ್ತ ಇವಳ ಕಡೆ ತಿರುಗಿದ.

"ಆರ್ಡಿಸ್ ಅಜ್ಜಿ, ಏನಿದು, ಯಾರೋ ಎಲ್ಲೋ ಇದ್ರು ಅಂತ ಬರ್ದಿದೀರಲ್ಲ? ಓರ್ವಿಲ್ ಅಂದ್ರೆ ಯಾರು, ಆ ಮಳೆಗೆ ಕಾಯ್ತಿದ್ದೋರಾ?"

"ಹೂಂ ಕಣಪ್ಪ. ಅವ್ರೇ."

"ಒಳ್ಳೆ ಮನುಷ್ಯ" ಎಂದು ಅವನು ಮತ್ತೆ ಗೊಬ್ಬರದ ಮಾತಿಗೆ ಹೋದ. ಬೈಯಲು ಕೂಡ ಯಾರೂ ಉಳಿದಿರಲಿಲ್ಲ. ಆರ್ಡಿಸ್ ಕಾಫಿ ಪೂರ್ತಿ ಕುಡಿದು, ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ನಡೆದಳು.

ಸೋಮವಾರ ಒಂ‌ಬತ್ತಕ್ಕೆ ಎಂದಿನಂತೆ ಫೋನಿನ ಮುಂದೆ ಕೂತಳು. ಓರ್ವಿಲನ ಹೆಸರಿದ್ದ ಜಾಗದಲ್ಲಿ ವೃದ್ಧರ ಮನೆಯ ನಂಬರು ಬರೆದುಕೊಂಡಿದ್ದಳು. ಮೊದಲು ಅದನ್ನೇ ತಿರುಗಿಸಿದಳು.

"ಏನು ನಡೀತಾ ಇದೆ ಲವೋನ್?"

"ಏನಿದೆ. ಕಾಯ್ತಾ ಇದೀನಿ."

ಆರ್ಡಿಸ್ ಈ ಸಲ ಬಿಡಲಿಲ್ಲ. "ಯಾವುದಕ್ಕೆ ಕಣೇ?" ಎಂದು ಕೇಳಿದಳು.

"ಊಟದ ಗಂಟೆಗೆ" ಎಂದಳು ಲವೋನ್. "ಈಗ ಇನ್ಯಾವುದಕ್ಕೆ ಕಾಯ್ಲಿ?"

ಆರ್ಡಿಸ್ ಅದನ್ನು ಹೇಳಿದ ಹಾಗೆಯೇ ಬರೆದುಕೊಂಡಳು.